ಹೊರದೇಶದ ನೌಕರಿ, ವಂತಿಗೆ ಯಾರದು? ಸೋಲಾಪುರ–ಅಕ್ಕಲಕೋಟೆಯ ಮನೆಗಳಿಗಾಗಿ ಒಂದು ಟಿಪ್ಪಣಿ

ಹೊರದೇಶಕ್ಕೆ ಹೋದ ಸೈನಿಕರ, ಸರ್ಕಾರಿ ನೌಕರರ ಸಾಮಾಜಿಕ ಭದ್ರತೆಯ ವಂತಿಗೆ ಅನ್ನೋದು ಇವತ್ತು ನನ್ನ ವಿಷಯ. ಕೇಳಿದ ಕೂಡಲೇ ಇದು ದೆಹಲಿಯವರ ಚಿಂತೆ ಅನಿಸಬಹುದು. ಆದರೆ ಅಕ್ಕಲಕೋಟೆ, ದಕ್ಷಿಣ ಸೋಲಾಪುರದ ಕನ್ನಡ ಮನೆಗಳಲ್ಲಿ ಸೈನ್ಯದಲ್ಲೊಬ್ಬ, ಸರ್ಕಾರಿ ಕಚೇರಿಯಲ್ಲೊಬ್ಬ ಇರೋದು ಅಪರೂಪವಲ್ಲ. ಅವರ ಕೈಗೆ ಬರುವ ಆದೇಶ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ, ಮನೆಯಲ್ಲಿ ಅದನ್ನು ಅರ್ಥ ಮಾಡಿಕೊಳ್ಳೋದು ಕನ್ನಡದಲ್ಲಿ. ಎಡವೋದು ಅಲ್ಲೇ, ಒಂದು ಪದದ ಹತ್ತಿರ.

ಆ ಪದ 'ಫಾರಿನ್ ಸರ್ವಿಸ್'. ಫಾರಿನ್ ಅಂದ ಮೇಲೆ ವಿಮಾನ ಹತ್ತಬೇಕು ಅಂತ ನಾವು ತಿಳಿಯುತ್ತೇವೆ. ಕೇಂದ್ರದ ಫಂಡಮೆಂಟಲ್ ರೂಲ್ಸ್‌ನ 9(7) ಹಾಗೆ ಹೇಳುವುದಿಲ್ಲ. ಸರ್ಕಾರದ ಒಪ್ಪಿಗೆಯಿಂದ, ಸರ್ಕಾರದ ಸಂಚಿತ ನಿಧಿಯನ್ನು ಬಿಟ್ಟು ಬೇರೆ ಮೂಲದಿಂದ ಸಂಬಳ ಪಡೆಯುವ ಸೇವೆ ಅಂತ ಅದರ ಅರ್ಥ. ಅಲ್ಲಿ ದೇಶದ ಮಾತೇ ಇಲ್ಲ! ಮಹಾರಾಷ್ಟ್ರದ ಆದೇಶಗಳಲ್ಲಿ ಇದಕ್ಕೆ 'ಸ್ವೀಯೇತರ ಸೇವಾ' ಅಂತಾರೆ, ಕರ್ನಾಟಕದಲ್ಲಿ 'ಅನ್ಯಸೇವೆ'. ನನ್ನ ಮಟ್ಟಿಗೆ ಎರಡೂ ಇಂಗ್ಲಿಷಿಗಿಂತ ಚೊಕ್ಕ. ಸೋಲಾಪುರದ ಸರ್ಕಾರಿ ಅಧಿಕಾರಿ ಅದೇ ಊರಿನ ಮಹಾನಗರಪಾಲಿಕೆಗೆ ನಿಯೋಜನೆ ಮೇಲೆ ಹೋಗಿ ಪಾಲಿಕೆಯ ಸಂಬಳ ತೆಗೆದುಕೊಂಡರೆ ಅದು ಅನ್ಯಸೇವೆ. ಲೆಬನಾನಿನಲ್ಲಿ ವಿಶ್ವಸಂಸ್ಥೆಯ ನೀಲಿ ಟೋಪಿ ಹಾಕಿ ನಿಂತ ನಮ್ಮ ಜವಾನನಿಗೆ ಸಂಬಳ ಕೊಡೋದು ಭಾರತ ಸರ್ಕಾರವೇ. ವಿಶ್ವಸಂಸ್ಥೆ ತಲೆಗಿಷ್ಟು ಅಂತ ಸರ್ಕಾರಕ್ಕೆ ಮರುಪಾವತಿ ಮಾಡುತ್ತದೆ, ಜವಾನನ ಪಿಂಚಣಿಗೆ ಅದರ ಸಂಬಂಧವಿಲ್ಲ.

ಹಾಗಾಗಿ ಜವಾನನ ಲೆಕ್ಕ ಸರಳ. ಸಶಸ್ತ್ರ ಪಡೆಗಳು ಎನ್‌ಪಿಎಸ್‌ನಿಂದ ಹೊರಗಿವೆ. ಖಾಯಂ ಸಿಪಾಯಿಗೆ 15 ವರ್ಷ ಸೇವೆ ಆದರೆ ಪಿಂಚಣಿ ಬರುತ್ತದೆ, ಅದಕ್ಕೆ ಅವನು ವಂತಿಗೆ ಕಟ್ಟುವುದಿಲ್ಲ. ಭವಿಷ್ಯ ನಿಧಿಗೆ ಕಡಿತವಾಗೋದು ಅವನದೇ ಉಳಿತಾಯ. (ಅಗ್ನಿವೀರರ ಕಥೆ ಬೇರೆ. ತಿಂಗಳ ಸಂಬಳದ ಶೇ. 30 ಸೇವಾನಿಧಿಗೆ ಹೋಗುತ್ತದೆ, ಸರ್ಕಾರ ಅಷ್ಟೇ ಸೇರಿಸುತ್ತದೆ. 4 ವರ್ಷಕ್ಕೆ ಮನೆಗೆ ಬಂದವರಿಗೆ ಪಿಂಚಣಿ ಇಲ್ಲ.)

ರಾಯಭಾರ ಕಚೇರಿಗೆ ಹೋದ ನಮ್ಮ ನೌಕರನಿಗೂ ಸಂಬಳ ದೆಹಲಿಯದೇ. 1961ರ ವಿಯೆನ್ನಾ ಒಪ್ಪಂದದ 33ನೇ ವಿಧಿ ಆತಿಥೇಯ ದೇಶದ ಸಾಮಾಜಿಕ ಭದ್ರತಾ ಕಾನೂನಿನಿಂದ ರಾಜತಾಂತ್ರಿಕರಿಗೆ ವಿನಾಯಿತಿ ಕೊಡುತ್ತದೆ, 37ನೇ ವಿಧಿ ಅದನ್ನು ಕಚೇರಿಯ ಗುಮಾಸ್ತರಿಗೂ ವಿಸ್ತರಿಸುತ್ತದೆ. ಆದರೆ ಅಧಿಕಾರಿಯೊಬ್ಬರು ಊರಿಂದ ಅಡುಗೆಯವನನ್ನು ಕರೆದುಕೊಂಡು ಹೋದರೆ? ಆ ಖಾಸಗಿ ಸೇವಕನಿಗೆ ವಿನಾಯಿತಿ ಸಿಗಬೇಕಾದರೆ ಅವನು ಭಾರತದ ಅಥವಾ ಮೂರನೇ ದೇಶದ ಯಾವುದಾದರೂ ಭದ್ರತಾ ಯೋಜನೆಯಲ್ಲಿ ಇರಲೇಬೇಕು. ಇಲ್ಲದಿದ್ದರೆ ಅಲ್ಲಿನ ಕಾನೂನಿನಂತೆ ಮಾಲೀಕನ ಪಾಲನ್ನು ಆ ಅಧಿಕಾರಿಯೇ ಕಟ್ಟಬೇಕು. ಈ ಮಾತು ಅಡುಗೆಯವನಿಗೆ ಯಾರು ಹೇಳ್ತಾರೆ?

ನಿಜವಾದ ತೊಡಕು ವಿಶ್ವಸಂಸ್ಥೆಯಂಥ ಕಡೆ ನಿಯೋಜನೆ ಮೇಲೆ ಹೋದವರದು. ಇದು ಪಕ್ಕಾ ಅನ್ಯಸೇವೆ. ಹಳೇ ಪಿಂಚಣಿಯ ಕೇಂದ್ರ ನೌಕರರಿಗೆ 1972ರ ಪಿಂಚಣಿ ನಿಯಮಗಳ 31ನೇ ನಿಯಮ ಎರಡು ದಾರಿ ಕೊಟ್ಟಿತ್ತು: ಪಿಂಚಣಿ ವಂತಿಗೆ ಕಟ್ಟಿ ಆ ವರ್ಷಗಳನ್ನು ಅರ್ಹ ಸೇವೆಗೆ ಸೇರಿಸಿಕೊಳ್ಳೋದು, ಇಲ್ಲವೇ ಆ ಸಂಸ್ಥೆಯ ನಿವೃತ್ತಿ ಸೌಲಭ್ಯ ಪಡೆದು ಇಲ್ಲಿನ ವರ್ಷಗಳನ್ನು ಬಿಟ್ಟುಕೊಡೋದು. ಎರಡನೆಯದು ಆಕರ್ಷಕ, ಡಾಲರ್ ಅಲ್ಲವೇ! ವಿಶ್ವಸಂಸ್ಥೆಯ ಪಿಂಚಣಿ ನಿಧಿಗೆ ನೌಕರ ಶೇ. 7.9, ಸಂಸ್ಥೆ ಶೇ. 15.8 ಕಟ್ಟುತ್ತದೆ. ಆದರೆ 5 ವರ್ಷ ತುಂಬದೆ ಅಲ್ಲಿ ಪಿಂಚಣಿ ಹಕ್ಕಿಲ್ಲ, ಕಟ್ಟಿದ್ದು ಇಡುಗಂಟಾಗಿ ವಾಪಸ್ ಬರುತ್ತದೆ. 3 ವರ್ಷಕ್ಕೆ ಹೋಗಿ ಬಂದವನಿಗೆ ಅಲ್ಲಿ ಪಿಂಚಣಿ ಇಲ್ಲ, ಇಲ್ಲಿ 3 ವರ್ಷ ಕಡಿಮೆ.

ಕಡಿಮೆಯಾದರೆ ಎಷ್ಟು ನಷ್ಟ? ಗ್ರಾಚ್ಯುಟಿಯಲ್ಲಿ ಪ್ರತಿ ಆರು ತಿಂಗಳ ಸೇವೆಗೆ ಕಾಲು ತಿಂಗಳ ವೇತನ, ಅಂದರೆ 3 ವರ್ಷಕ್ಕೆ ಒಂದೂವರೆ ತಿಂಗಳದ್ದು. 33 ವರ್ಷ ದಾಟಿದವರಿಗೆ ಇದು ತಟ್ಟುವುದಿಲ್ಲ. ತಟ್ಟೋದು 20 ವರ್ಷಕ್ಕೆ ಸ್ವಯಂ ನಿವೃತ್ತಿ ಪಡೆದು ಊರಿಗೆ ಬರಬೇಕು ಅಂದುಕೊಂಡವರಿಗೆ. 18 ವರ್ಷ ಸೇವೆ ಅಂದುಕೊಂಡಿದ್ದು ಕಡತದಲ್ಲಿ 15 ಆಗಿರುತ್ತದೆ. ವಂತಿಗೆ ಕಟ್ಟುವ ದಾರಿ ಹಿಡಿದವರೂ ಸುಮ್ಮನಿರುವಂತಿಲ್ಲ. ತಡವಾದರೆ 100 ರೂಪಾಯಿಗೆ ದಿನಕ್ಕೆ 2 ಪೈಸೆ ಬಡ್ಡಿ.

2004ರ ಜನವರಿ 1ರಿಂದ ಸೇರಿದ ಕೇಂದ್ರ ನೌಕರರು, 2005ರ ನವೆಂಬರ್ 1ರಿಂದ ಸೇರಿದ ಮಹಾರಾಷ್ಟ್ರದವರು ಎನ್‌ಪಿಎಸ್‌ಗೆ ಬರುತ್ತಾರೆ. ಮರಾಠಿ ಆದೇಶದಲ್ಲಿ 'ಅಂಶದಾನ' ಅಂತ ಇರೋದು ಇದೇ ವಂತಿಗೆ. ಕೇಂದ್ರದಲ್ಲಿ ನೌಕರನದು ಶೇ. 10, ಸರ್ಕಾರದ್ದು ಶೇ. 14. ನಿಯೋಜನೆಯ ಅವಧಿಯಲ್ಲಿ ಆ 14 ಯಾರು ಕಟ್ಟಬೇಕು ಅನ್ನೋದು ಆದೇಶದ ಷರತ್ತಿನಲ್ಲಿ ಬರೆದಿರಬೇಕು, ಹೊರಡುವ ಮೊದಲೇ ನೋಡಿ. ವಂತಿಗೆ ಬೀಳದ ತಿಂಗಳು ಖಾತೆ ಬೆಳೆಯಲ್ಲ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: "ಸರ್, ಹಳೇ ಪಿಂಚಣಿಯವರಿಗೆ ಅಲ್ಲಿ ಡಾಲರ್ ಪಗಾರ ಇತ್ತಂದ್ರ ಪಿಂಚಣಿನೂ ಅದರ ಮ್ಯಾಲೇ ಹಾಕ್ತಾರೇನ್ರಿ?" ಇಲ್ಲ. 2021ರವರೆಗೆ ಜಾರಿಯಲ್ಲಿದ್ದ ಅದೇ 1972ರ ನಿಯಮಗಳ 33ನೇ ನಿಯಮ ಅನ್ಯಸೇವೆಯ ಸಂಬಳವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಆ ನೌಕರ ಹೋಗದೆ ಇಲ್ಲೇ ಉಳಿದಿದ್ದರೆ ಏನು ವೇತನ ಬರ್ತಿತ್ತೋ ಅದರ ಮೇಲೆಯೇ ಪಿಂಚಣಿ.