ಬೊಂಬೆಯ ಮುಂದೆ ಕೈ ನಡುಗುವುದೇಕೆ?



ತುರ್ವಿಹಾಳ, ಸಿಂಧನೂರು, ಮಸ್ಕಿ ಕಡೆಯ ಹೆಣ್ಣುಮಕ್ಕಳು ನರ್ಸಿಂಗ್ ಕಲಿಯಲು ದೂರದ ಊರಿಗೆ ಹೋಗುತ್ತಾರೆ. ಸಂಘದಲ್ಲಿ ಸಾಲ ತೆಗೆದು ಫೀಸು ಕಟ್ಟುವ ತಾಯಂದಿರೂ ಇದ್ದಾರೆ. ಅಂಥ ಮಗಳು ಫೋನ್ ಮಾಡಿ, "ಅವ್ವಾ, ನನ್ನ ಕೈಲೆ ಆಗಂಗಿಲ್ಲ, ಊರಿಗೆ ಬರ್ತೀನಿ" ಎಂದು ಅತ್ತರೆ ಏನು ಮಾಡಬೇಕು? ಮೊದಲು ಆ ಅಳುವಿನ ಕಾರಣ ತಿಳಿಯೋಣ.

ನರ್ಸಿಂಗ್ ಕಾಲೇಜುಗಳಲ್ಲಿ ರೋಗಿಯನ್ನು ಮುಟ್ಟುವ ಮೊದಲು ಮನುಷ್ಯರಷ್ಟೇ ದೊಡ್ಡ ಬೊಂಬೆಯ ಮೇಲೆ ಅಭ್ಯಾಸ ಮಾಡಿಸುತ್ತಾರೆ. ಇದಕ್ಕೆ ಸಿಮ್ಯುಲೇಶನ್ ಎನ್ನುತ್ತಾರೆ. ಉಸಿರು ಕೊಡುವುದನ್ನು ಕಲಿಸುವ ಬೊಂಬೆಯನ್ನು 1960ರಲ್ಲಿ ನಾರ್ವೆ ದೇಶದ ಆಟಿಕೆ ತಯಾರಕ ಲೇರ್ಡಾಲ್ ಹೊರತಂದರು. ನಮ್ಮ ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಪ್ರಕಟಿಸಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲೂ ಈ ಅಭ್ಯಾಸವಿದೆ.

"ರೋಗಿಯ ಹೃದಯ ನಿಂತಿದೆ" ಎಂದು ಟೀಚರ್ ಹೇಳುತ್ತಾರೆ. ಒಬ್ಬಳು ನಿಮಿಷಕ್ಕೆ 100ರಿಂದ 120 ಸಲ ಎದೆ ಒತ್ತಬೇಕು. 30 ಸಲ ಒತ್ತಿದ ಮೇಲೆ ಇನ್ನೊಬ್ಬಳು ಎರಡು ಸಲ ಉಸಿರು ಕೊಡಬೇಕು. ಮತ್ತೊಬ್ಬಳು ಸಮಯ ಬರೆದಿಡಬೇಕು. ಬೊಂಬೆಗೆ ಜೀವವಿಲ್ಲ, ಆದರೂ ಕೈ ನಡುಗುತ್ತದೆ, ಓದಿದ್ದು ಮರೆತುಹೋಗುತ್ತದೆ. ಯಾಕೆಂದರೆ ಅಂಜಿಕೆ ಬೊಂಬೆಯದಲ್ಲ, ನೋಡುತ್ತಾ ನಿಂತ ಗೆಳತಿಯರದು. 'ತಪ್ಪಿದರೆ ನಗ್ತಾರೆ' ಎಂಬ ನಾಚಿಕೆ. ಕನ್ನಡ ಶಾಲೆಯಲ್ಲಿ ಓದಿದ ಮಗಳಿಗೆ ಇಂಗ್ಲಿಷಿನ ಭಯ ಬೇರೆ. ಒಬ್ಬಳು ತಡಮಾಡಿದರೆ ಇನ್ನೊಬ್ಬಳಿಗೆ ಸಿಟ್ಟೂ ಬರುತ್ತದೆ.

ಅಭ್ಯಾಸ ಮುಗಿದ ಮೇಲೆ ಎಲ್ಲರೂ ಟೀಚರ್ ಜೊತೆ ಕೂತು ಏನಾಯಿತು, ಹೇಗನಿಸಿತು ಎಂದು ಮಾತಾಡುತ್ತಾರೆ. ಇದೇ ಮುಖ್ಯ ಪಾಠ. "ನನಗೂ ಅಂಜಿಕೆ ಆಗಿತ್ತು" ಎಂದು ಒಬ್ಬಳು ಬಾಯಿಬಿಟ್ಟರೆ ಉಳಿದವರ ಮನಸ್ಸೂ ಹಗುರಾಗುತ್ತದೆ. ಬೊಂಬೆಯ ಮೇಲೆ ತಪ್ಪಿದರೆ ಯಾರ ಜೀವವೂ ಹೋಗದು. "ನನಗೆ ತಿಳೀಲಿಲ್ಲ, ಸಹಾಯ ಮಾಡ್ರಿ" ಎಂದು ಇಲ್ಲಿ ಕೇಳಲು ಕಲಿತವಳು ನಾಳೆ ಆಸ್ಪತ್ರೆಯಲ್ಲೂ ಕೇಳುತ್ತಾಳೆ. ಅದರಿಂದ ರೋಗಿ ಉಳಿಯುತ್ತಾನೆ. ಮೊದಲ ಸಲ ಬ್ಯಾಂಕ್ ಮ್ಯಾನೇಜರ್ ಎದುರು ನಿಂತಾಗ ನಮ್ಮ ಮಾತೂ ತೊದಲಿತ್ತಲ್ಲವೇ? ಜೊತೆಗೆ ಸಂಘದವರು ಇದ್ದುದರಿಂದ ಧೈರ್ಯ ಬಂತು.

ಆದ್ದರಿಂದ ಮಗಳು ಅತ್ತಾಗ "ಸಾಲ ಮಾಡಿ ಓದಿಸೀವಿ, ಸುಮ್ಮನಿರು" ಎಂದು ಗದರಬೇಡಿ. "ಬಂದುಬಿಡು" ಎಂದು ಅವಸರವೂ ಬೇಡ. "ಏನಾಯ್ತವ್ವಾ? ಗೆಳತ್ಯಾರಿಗೆ ಹೇಳಿದೇನು?" ಎಂದು ಕೇಳಿ, ಪೂರಾ ಮಾತಾಡಲು ಬಿಡಿ. ಎರಡು ವಾರವಾದರೂ ನಿದ್ದೆ, ಊಟ ಸರಿಯಾಗದಿದ್ದರೆ ಟೀಚರಿಗೆ ತಿಳಿಸಲು ಹೇಳಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಂಜಿಕೆ ಬಂದವಳು ನರ್ಸ್ ಆಗಲಾರಳು ಎಂದಲ್ಲ. ಜೀವದ ಬೆಲೆ ಅವಳಿಗೆ ತಿಳಿದಿದೆ ಎಂದರ್ಥ.