ಮಧುಮೇಹದ ಅಪಾಯ: ಅಂಕಗಳ ಮೂಲಕ ವರ್ಗೀಕರಣ

ವರ್ಷಾಂತ್ಯದಲ್ಲಿ ಉದ್ರಿ ಬಾಕಿಗಳನ್ನು ಪರಿಶೀಲಿಸುವಾಗ ವ್ಯಾಪಾರಸ್ಥರು ಎಲ್ಲ ಬಾಕಿದಾರರನ್ನೂ ಒಂದೇ ಸಮನಾಗಿ ಕಾಣುವುದಿಲ್ಲ. ಒಂದು ತಿಂಗಳ ಬಾಕಿ, ಆರು ತಿಂಗಳು ಮೀರಿದ ಬಾಕಿ ಎಂದು ವಿಂಗಡಿಸಿ, ವಸೂಲಿಗೆ ಮೊದಲು ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸುತ್ತಾರೆ. ವೈದ್ಯಕೀಯದಲ್ಲಿ ಜನರನ್ನು ಅಪಾಯದ ಪ್ರಮಾಣಕ್ಕೆ ತಕ್ಕಂತೆ ಗುಂಪು ಮಾಡುವ ಪದ್ಧತಿಯ ಉದ್ದೇಶವೂ ಇದೇ.

ಚೆನ್ನೈನ ಡಾ. ವಿ. ಮೋಹನ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಪ್ರಕಟಿಸಿದ ಭಾರತೀಯ ಮಧುಮೇಹ ಅಪಾಯ ಅಂಕವು ಇದಕ್ಕೆ ಸರಳ ನಿದರ್ಶನ. ಇದಕ್ಕೆ ರಕ್ತಪರೀಕ್ಷೆ ಬೇಕಿಲ್ಲ. ನಾಲ್ಕು ವಿವರಗಳು ಸಾಕು. ವಯಸ್ಸು 35ರಿಂದ 49 ಆಗಿದ್ದರೆ 20 ಅಂಕ, 50 ಮುಟ್ಟಿದ್ದರೆ 30. ಗಂಡಸರ ಸೊಂಟದ ಸುತ್ತಳತೆ 90 ಸೆಂ.ಮೀ. ತಲುಪಿದರೆ 10, 100 ತಲುಪಿದರೆ 20; ಹೆಂಗಸರಿಗೆ ಈ ಮಿತಿಗಳು 80 ಮತ್ತು 90. ತಂದೆ ತಾಯಿಯರಲ್ಲಿ ಒಬ್ಬರಿಗೆ ಮಧುಮೇಹವಿದ್ದರೆ 10, ಇಬ್ಬರಿಗೂ ಇದ್ದರೆ 20. ವ್ಯಾಯಾಮವಿಲ್ಲದೆ ಕುಳಿತೇ ದುಡಿಯುವವರಿಗೆ 30. ಮೊತ್ತ 60 ಅಥವಾ ಹೆಚ್ಚಾದರೆ ಅಧಿಕ ಅಪಾಯ, 30ರಿಂದ 50 ಮಧ್ಯಮ, ಅದಕ್ಕೂ ಕಡಿಮೆಯಾದರೆ ಅಲ್ಪ.

ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕೂರುವ, 94 ಸೆಂ.ಮೀ. ಸೊಂಟದ, ತಂದೆಗೆ ಮಧುಮೇಹವಿದ್ದ 52 ವರ್ಷದ ವರ್ತಕರ ಲೆಕ್ಕ ನೋಡೋಣ: 30, 10, 10, 30; ಒಟ್ಟು 80. ಇದರಲ್ಲಿ ವಯಸ್ಸು ಮತ್ತು ವಂಶದ 40 ಅಂಕಗಳು ಮಳಿಗೆಯ ಬಾಡಿಗೆಯಂತೆ ಸ್ಥಿರ ವೆಚ್ಚ. ಉಳಿದ 40 ಮಾತ್ರ ಅವರ ಹತೋಟಿಯಲ್ಲಿವೆ.

ಆದರೆ ಅಂಕವು ರೋಗನಿರ್ಣಯವಲ್ಲ. ಮೂಲ ಅಧ್ಯಯನದಲ್ಲಿ, ಅದುವರೆಗೆ ಪತ್ತೆಯಾಗದ ಮಧುಮೇಹವಿದ್ದವರ ಪೈಕಿ ಶೇ. 72.5ರಷ್ಟು ಜನರು ಮಾತ್ರ ಅಧಿಕ ಅಪಾಯದ ಗುಂಪಿಗೆ ಬಂದರು, ಉಳಿದವರು ತಪ್ಪಿಹೋದರು. ಮಧುಮೇಹವಿಲ್ಲದವರಲ್ಲಿಯೂ ಸುಮಾರು ಶೇ. 40ರಷ್ಟು ಮಂದಿ ಅದೇ ಗುಂಪಿಗೆ ಸೇರಿದರು. ಹಳೆಯ ಬಾಕಿಗಳೆಲ್ಲ ಮುಳುಗುವ ಸಾಲಗಳಲ್ಲ, ಹೊಸ ಬಾಕಿಗಳೆಲ್ಲ ಬರುವಂಥವೂ ಅಲ್ಲ ಎಂಬುದು ವರ್ತಕರಿಗೆ ತಿಳಿಯದ ವಿಷಯವೇನಲ್ಲ.

ಐವತ್ತು ಕಾರ್ಮಿಕರಿರುವ ಕಾರ್ಖಾನೆಯ ಮಾಲೀಕರಿಗೆ ಎಲ್ಲರ ರಕ್ತಪರೀಕ್ಷೆಯ ಖರ್ಚು ಭರಿಸಲಾಗದಿದ್ದರೆ, ಈ ಅಂಕದ ಆಧಾರದಲ್ಲಿ ಅಧಿಕ ಅಪಾಯದವರಿಂದ ಆರಂಭಿಸಬಹುದು. ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ ವಿಸರ್ಜನೆಯಂಥ ಲಕ್ಷಣಗಳಿರುವವರನ್ನು ಮಾತ್ರ ಅಂಕ ಎಷ್ಟೇ ಇರಲಿ ತಡಮಾಡದೆ ವೈದ್ಯರ ಬಳಿಗೆ ಕಳುಹಿಸತಕ್ಕದ್ದು. ಅಂಕಗಳ ಹಾಳೆಯನ್ನು ನೇಮಕಾತಿ ಅಥವಾ ಬಡ್ತಿಯ ಕಡತಕ್ಕೆ ಸೇರಿಸುವುದು ಅನ್ಯಾಯ. ಅದು ಕಾರ್ಮಿಕನ ಮತ್ತು ವೈದ್ಯರ ಬಳಿ ಇರಬೇಕಾದ ಕಾಗದ. ಇನ್ನು ಅಳತೆಯನ್ನು ಟೇಪಿನಿಂದಲೇ ತೆಗೆಯಬೇಕು. ಹೊಟ್ಟೆಯ ಕೆಳಗೆ ಕಟ್ಟುವ ಪ್ಯಾಂಟಿನ ನಂಬರನ್ನು ನಂಬುವಂತಿಲ್ಲ.