ಮ್ಯಾಗ್ನೆಟ್ ಅಂಟದ ಬಾನೆಟ್‌ಗೆ ಗ್ಯಾಸ್ ಬೆಂಕಿ ಹಿಡಿಯೋ ಮುಂಚೆ ಇದನ್ನು ಓದ್ರಿ

ಹಳಿಯಾಳ: ಗಾಡಿಯ ಬಾನೆಟ್ ನುಗ್ಗಾದರೆ ನಮ್ಮ ಕಡೆ ಮಾಡೋದು ಒಂದೇ. ಟಿಂಕರಿಂಗ್ ಅಂಗಡಿಗೆ ಒಯ್ದು, ಗ್ಯಾಸ್ ಬೆಂಕಿಯಲ್ಲಿ ಕಾಯಿಸಿ, ಸುತ್ತಿಗೆಯಿಂದ ತಟ್ಟಿ, ಪುಟ್ಟಿ ಹಚ್ಚಿ ಪೇಂಟ್ ಹೊಡೆಸೋದು. ಸಾದಾ ಕಬ್ಬಿಣದ ಶೀಟ್‌ಗೆ ಇದು ನಡೀತದೆ. ಆದರೆ ಈಗ ದುಬಾರಿ ಕಾರುಗಳ ಬಾನೆಟ್, ಬಾಗಿಲುಗಳು ಅಲ್ಯೂಮಿನಿಯಂ ಮಿಶ್ರಲೋಹದಲ್ಲೂ ಬರ್ತಿವೆ. ದಾಂಡೇಲಿ, ಜೋಯಿಡಾಕ್ಕೆ ಬರೋ ಪ್ರವಾಸಿಗರ ಗಾಡಿಗಳಲ್ಲಿ ಅಂಥದ್ದೊಂದು ನಮ್ಮ ಗ್ಯಾರೇಜ್ ಬಾಗಿಲಿಗೆ ಬಂದರೆ, ಅದೇ ಬೆಂಕಿ ಗಾಡಿಯನ್ನೂ ಕೆಡಿಸ್ತದೆ, ಅಂಗಡಿಯವರ ಹೆಸರನ್ನೂ ಕೆಡಿಸ್ತದೆ.

ಅಲ್ಯೂಮಿನಿಯಂ ಯಾಕೆ?

ತೂಕ ಕಡಿಮೆ, ಅದಕ್ಕೆ. ಒಂದು ಘನ ಸೆಂಟಿಮೀಟರ್ ಕಬ್ಬಿಣ ಸುಮಾರು 7.8 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7 ಗ್ರಾಂ ಮಾತ್ರ. ಗಾಡಿ ಹಗುರಾದರೆ ಡೀಸೆಲ್ ಉಳೀತದೆ, ಬ್ಯಾಟರಿ ಗಾಡಿ ಹೆಚ್ಚು ದೂರ ಓಡ್ತದೆ.

ಈ ಲೋಹ ನಮಗೇನೂ ಹೊಸದಲ್ಲ. ಬೆಳಗಾವಿಯ ಹಿಂಡಾಲ್ಕೊ ಕಾರ್ಖಾನೆ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತೆಗೀತದೆ. ಅಲ್ಯೂಮಿನಿಯಂ ತಯಾರಾಗೋದು ಆ ಬಿಳಿ ಪುಡಿಯಿಂದಲೇ. ಹಳೇ ಸರ್ಕಾರಿ ಬಸ್ಸಿನ ಪಕ್ಕಕ್ಕೆ ಸಾಲಾಗಿ ರಿವೆಟ್ ಹೊಡೆದು ಕೂಡಿಸಿದ ಶೀಟ್ ನೋಡಿರ್ತೀರಿ, ಅದೂ ಅಲ್ಯೂಮಿನಿಯಂ. ಆದರೆ ಅದು ಚಪ್ಪಟೆ ಶೀಟ್. ಕಾರಿನ ಒಳಗಂಬದಂಥ ಆಳವಾದ ಆಕಾರ ಬೇಕಂದ್ರೆ ಕಥೆ ಬೇರೆ. ಗಟ್ಟಿ ಅಲ್ಯೂಮಿನಿಯಂ ಶೀಟನ್ನು ತಣ್ಣಗಿರುವಾಗ ಜೋರಾಗಿ ಒತ್ತಿದರೆ ಮೂಲೆಯಲ್ಲಿ ಹರೀತದೆ. ಒತ್ತಿದ್ದು ಬಿಟ್ಟ ಕೂಡಲೇ ಕಬ್ಬಿಣಕ್ಕಿಂತ ಹೆಚ್ಚು ಹಿಂದಕ್ಕೆ ಚಿಮ್ಮಿ ಅಳತೆ ತಪ್ತದೆ.

ಕಾರ್ಖಾನೆಯಲ್ಲಿ ಏನು ಮಾಡ್ತಾರೆ?

ಶೀಟನ್ನು ಒಲೆಯಲ್ಲಿ ಸುಮಾರು 500 ಡಿಗ್ರಿ ದಾಟಿಸಿ ಕಾಯಿಸ್ತಾರೆ. ಆಗ ಒಳಗಿನ ಮೆಗ್ನೀಸಿಯಂ, ಸಿಲಿಕಾನ್ ಕಣಗಳು ಬಿಸಿ ನೀರಲ್ಲಿ ಬೆಲ್ಲ ಕರಗಿದ ಹಾಗೆ ಲೋಹದಲ್ಲಿ ಬೆರೀತವೆ. ಕೆಲವೇ ಸೆಕೆಂಡಿನಲ್ಲಿ ಪ್ರೆಸ್‌ಗೆ ಹಾಕಿ, ತಣ್ಣಗಿನ ಅಚ್ಚಿನಲ್ಲಿ ಒತ್ತಿ ಹಿಡೀತಾರೆ. ಆಕಾರವೂ ಬಂತು, ಶೀಟೂ ತಣ್ಣಗಾಯ್ತು. ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು ಬೆಳೆಸಿದ ಈ ವಿಧಾನ 2016ರಲ್ಲಿ ಬಂದ ಆಸ್ಟನ್ ಮಾರ್ಟಿನ್ ಡಿಬಿ11 ಕಾರಿನಲ್ಲಿ ಬಳಕೆಯಾಯ್ತು.

ನಮ್ಮ ಕಮ್ಮಾರರು ಕುಡಗೋಲು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೆ ಅದು ಆಗಲೇ ಗಟ್ಟಿ. ಅಲ್ಯೂಮಿನಿಯಂ ಹಾಗಲ್ಲ. ತಣ್ಣಗಾದಾಗ ಮೆತ್ತಗೇ ಇರ್ತದೆ, ಆಮೇಲೆ ನಿಧಾನಕ್ಕೆ ಗಟ್ಟಿಯಾಗ್ತದೆ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಇದನ್ನು ಕಂಡುಕೊಂಡರು. ಈಗ ಕಾರ್ಖಾನೆಗಳಲ್ಲಿ ಸುಮಾರು 180 ಡಿಗ್ರಿಯ ಒಲೆಯಲ್ಲಿಟ್ಟು ಈ ಕೆಲಸ ಬೇಗ ಮುಗಿಸ್ತಾರೆ. ಬಾನೆಟ್‌ನಂಥ ಆಳವಿಲ್ಲದ ಭಾಗಗಳನ್ನು ಸಾಮಾನ್ಯವಾಗಿ ತಣ್ಣಗೇ ಒತ್ತುತ್ತಾರೆ. ಆದರೆ ಪೇಂಟ್ ಒಣಗಿಸುವ ಒಲೆಯ ಶಾಖದಲ್ಲಿ ಅವೂ ಗಟ್ಟಿಯಾಗ್ತವೆ.

ಗ್ಯಾಸ್ ಬೆಂಕಿ ಯಾಕೆ ಬೇಡ?

ಲೆಕ್ಕ ಹಾಕಿ ತಂದ ಈ ಗಟ್ಟಿತನವನ್ನು ಗ್ಯಾಸ್ ಬೆಂಕಿ ನಿಮಿಷದಲ್ಲಿ ಕಳೀತದೆ. ಇನ್ನೊಂದು ಅಪಾಯವೂ ಇದೆ. ಕಬ್ಬಿಣ ಕೆಂಪಗಾಗಿ ಎಚ್ಚರಿಕೆ ಕೊಡ್ತದೆ, ಅಲ್ಯೂಮಿನಿಯಂ ಬಣ್ಣವನ್ನೇ ಬದಲಿಸೋದಿಲ್ಲ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗ್ತದೆ, ಮಿಶ್ರಲೋಹ ಅದಕ್ಕೂ ಮುಂಚೆಯೇ. ನೋಡ್ತಾ ನೋಡ್ತಾ ತೂತು ಬಿದ್ದಿರ್ತದೆ.

ಅದಕ್ಕೆ ಕೆಲಸ ಶುರು ಮಾಡೋ ಮುಂಚೆ:

* ಮ್ಯಾಗ್ನೆಟ್ ಹಿಡಿದು ನೋಡ್ರಿ. ಅಂಟದಿದ್ದರೆ ಅಲ್ಯೂಮಿನಿಯಂ, ಪ್ಲಾಸ್ಟಿಕ್ ಅಥವಾ ದಪ್ಪ ಪುಟ್ಟಿ. ಯಾವುದು ಅಂತ ಖಾತ್ರಿ ಮಾಡಿಕೊಳ್ರಿ.
* ಅಲ್ಯೂಮಿನಿಯಂ ಆಗಿದ್ದರೆ ಬರೀ ಕಣ್ಣಂದಾಜಿನಲ್ಲಿ ಕಾಯಿಸಬ್ಯಾಡ್ರಿ.
* ಕಬ್ಬಿಣ ಉಜ್ಜಿದ ಡಿಸ್ಕ್, ಬ್ರಷ್ ಇದಕ್ಕೆ ಬಳಸಬ್ಯಾಡ್ರಿ. ಕಬ್ಬಿಣದ ಪುಡಿ ಸೇರಿಕೊಂಡರೆ ಮಳೆಗಾಲದ ತೇವಕ್ಕೆ ಅಲ್ಲೇ ಸವೀತದೆ.
* ಒಳಗಂಬ ಬಾಗಿದ್ದರೆ ತಟ್ಟಿ ನೆಟ್ಟಗೆ ಮಾಡೋಕೆ ಹೋಗದೆ ಕಂಪನಿ ಸರ್ವಿಸ್ ಸೆಂಟರ್‌ಗೆ ಕಳಿಸ್ರಿ. ಮುಂದಿನ ಅಪಘಾತದಲ್ಲಿ ಒಳಗೆ ಕೂತವರನ್ನು ಉಳಿಸಬೇಕಾದ ಭಾಗ ಅದು.

ಗಾಡಿ ಮಾಲೀಕರೂ ಅಷ್ಟೇ. ‘ಬೇಗ ಮುಗಿಸ್ರಿ’ ಅನ್ನೋ ಮುಂಚೆ ಮ್ಯಾಗ್ನೆಟ್ ಹಿಡಿದು ನೋಡಿದ್ರಾ ಅಂತ ಒಂದು ಮಾತು ಕೇಳ್ರಿ.